ಹೊಲ ನಮ್ಮದು, ಹೊಲದೊಳಗಿನ ಕಲ್ಲು ಯಾರದು?

(ಕಾಗಿನೆಲೆಯಲ್ಲಿ ನಡೆದ ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರೆಹರೂಪ)



ಕಾಗಿನೆಲೆಯಲ್ಲಿ ನಿಂತು ಭೂಮಿಯ ವಿಷಯ ಮಾತನಾಡುವಾಗ ಕನಕದಾಸರನ್ನು ನೆನೆಯದೆ ಮುಂದೆ ಹೋಗಲಾಗದು. ತಿಮ್ಮಪ್ಪನಾಯಕರಿಗೆ ನೆಲ ಅಗೆಯುವಾಗ ಹೊನ್ನಿನ ಕೊಪ್ಪರಿಗೆ ದೊರೆಯಿತೆಂದೂ, ಅದನ್ನು ಅವರು ತಮಗಾಗಿ ಇಟ್ಟುಕೊಳ್ಳದೆ ಜನರಿಗಾಗಿ, ದೇವರಿಗಾಗಿ ವ್ಯಯಿಸಿದರೆಂದೂ, ಅಂದಿನಿಂದ ಅವರು ಕನಕನಾಯಕರಾದರೆಂದೂ ಐತಿಹ್ಯವುಂಟು. ನೆಲದ ಮೇಲಿನದಕ್ಕೆ ಒಬ್ಬ ಒಡೆಯ, ನೆಲದ ಒಳಗಿನದಕ್ಕೆ ಇನ್ನೊಬ್ಬ ಒಡೆಯ ಎಂಬ ತೊಡಕು ಆ ಕಥೆಯಲ್ಲಿಲ್ಲ. ನಮ್ಮ ಕಾಲದ ಕಾಯಿದೆಗಳಲ್ಲಿ ಅದು ಇದೆ. ಇಂದಿನ ನನ್ನ ಮಾತು ಆ ತೊಡಕಿನ ಕುರಿತದ್ದು.

ಬೆಳಗ್ಗೆ ಚಹಾ ಕುಡಿಯುವ ಹೊತ್ತಿನಲ್ಲಿ ಹಿರಿಯರೊಬ್ಬರು ನನ್ನನ್ನು ಕೇಳಿದರು: "ಹೊಲ ನಂದು ಅಂದಮ್ಯಾಲ ಅದರಾಗಿನ ಕಲ್ಲೂ ನಂದ ಅಲ್ಲೇನ್ರೀ? ಕ್ರಷರಿನವ ರಾಯಲ್ಟಿ ಸರಕಾರಕ್ಕ ಕಟ್ಟೇನಿ ಅಂತಾನ. ನನಗೇನು ಬಂತು?" ನಾನು ಕೃಷಿ ವಿಜ್ಞಾನದ ವಿದ್ಯಾರ್ಥಿ, ವಕೀಲನಲ್ಲ. ಆದರೆ ಈ ಪ್ರಶ್ನೆ ನಮ್ಮ ಮನೆಯಲ್ಲಿಯೂ ಎದ್ದಿತ್ತು. ಅದಕ್ಕೆ ಉತ್ತರ ಹುಡುಕುತ್ತ ನಾನು ಕಾಯಿದೆಗಳನ್ನು ಓದಬೇಕಾಯಿತು. ಓದಿ ತಿಳಿದದ್ದನ್ನು ನಿಮ್ಮ ಮುಂದಿಡುತ್ತೇನೆ.

ಅಜ್ಜನ ಪತ್ರ, ಚಿಕ್ಕಪ್ಪನ ಸಹಿ

ನಮ್ಮದು ಘಟ್ಟದ ಅಂಚಿನ ಒಂದು ಹಳ್ಳಿ. ನನ್ನ ಅಜ್ಜ ಗೇಣಿದಾರ. ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣಾ ಕಾಯಿದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ, ಗೇಣಿಯಲ್ಲಿದ್ದ ಭೂಮಿಯೆಲ್ಲ ಸರ್ಕಾರದಲ್ಲಿ ನಿಹಿತವಾಯಿತು. ಅಜ್ಜ ನಮೂನೆ 7ನ್ನು ಸಲ್ಲಿಸಿ, ಭೂನ್ಯಾಯಮಂಡಳಿಯ ಮುಂದೆ ನಿಂತು, ಎರಡು ಎಕರೆ ಗದ್ದೆಗೂ ಅದಕ್ಕೆ ತಗುಲಿದ ಕಲ್ಲುನೆಲಕ್ಕೂ ಅಧಿಭೋಗದಾರನಾದ. ಆ ಪತ್ರವನ್ನು ಅವನು ಟ್ರಂಕಿನ ತಳದಲ್ಲಿ, ಅಜ್ಜಿಯ ಮದುವೆ ಸೀರೆಯ ಮಡಿಕೆಯೊಳಗೆ ಇಟ್ಟಿದ್ದ.

ಅನೇಕ ವರ್ಷಗಳ ತರುವಾಯ ಕಲ್ಲಿನ ವ್ಯಾಪಾರಿಯೊಬ್ಬ ಬಂದು ಆ ಕಲ್ಲುನೆಲವನ್ನು ಕೇಳಿದ. ಚಿಕ್ಕಪ್ಪ ಛಾಪಾ ಕಾಗದದ ಮೇಲೆ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದರು. ಲೋಡಿಗೆ ಇಂತಿಷ್ಟು ಎಂದು ಬಾಯಿಮಾತು. ಮೊದಲ ಎರಡು ವರ್ಷ ಹಣ ಬಂತು, ಅನಂತರ ನಿಂತಿತು. ಕೇಳಲು ಹೋದಾಗ ಆತ ರಾಜಧನ ಕಟ್ಟಿದ ರಸೀದಿಗಳ ಕಟ್ಟನ್ನೇ ತೋರಿಸಿದ. ಚಿಕ್ಕಪ್ಪನ ಕೈಯಲ್ಲಿದ್ದದ್ದು ನೋಂದಣಿಯಾಗದ ಒಂದು ಹಾಳೆ ಮಾತ್ರ. ಒಂದು ವರ್ಷಕ್ಕೂ ಮೀರಿದ ಗುತ್ತಿಗೆ ನೋಂದಣಿಯಿಲ್ಲದೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ ಎಂಬುದು ಆಗ ಅವರಿಗೆ ತಿಳಿಯಿತು. ಇಂದು ಅಲ್ಲಿ ಬಾವಿಗಿಂತ ಆಳವಾದ ಹೊಂಡವಿದೆ. ಗದ್ದೆಯ ನೀರು ಆ ಹೊಂಡಕ್ಕೆ ಇಳಿಯುತ್ತದೆ.

ಅಜ್ಜನಿಗೆ ಕಾಯಿದೆ ಕೊಟ್ಟದ್ದೇನು, ಕೊಡದೆ ಉಳಿಸಿಕೊಂಡದ್ದೇನು ಎಂಬುದನ್ನು ಚಿಕ್ಕಪ್ಪ ಅರಿತಿದ್ದರೆ ಆ ಸಹಿ ಬೀಳುತ್ತಿರಲಿಲ್ಲ. ಭೂಸುಧಾರಣೆ ರೈತನಿಗೆ ಕೊಟ್ಟದ್ದು ನೆಲದ ಮೈ. ನೆಲದ ಹೊಟ್ಟೆಯನ್ನು ಅದು ಕೊಡಲಿಲ್ಲ.

ಮೂರು ಪ್ರಾಂತ್ಯ, ಮೂರು ರೀತಿ

ಸ್ವಾತಂತ್ರ್ಯಾನಂತರ ಜಮೀನ್ದಾರಿಯನ್ನೂ ಇನಾಮನ್ನೂ ರದ್ದುಪಡಿಸಿದಾಗ ಎಲ್ಲೆಡೆಯೂ ಒಂದು ಪ್ರಶ್ನೆ ಎದುರಾಯಿತು. ಜಮೀನ್ದಾರನೇನೋ ಹೋದ, ಅವನು ಈಗಾಗಲೇ ಕೊಟ್ಟಿರುವ ಗಣಿ ಗುತ್ತಿಗೆಯ ಗತಿಯೇನು? ಅದರಿಂದ ಬರುವ ರಾಜಧನ ಇನ್ನು ಯಾರಿಗೆ?

ಗಣಿಗಳ ನಾಡಾದ ಬಿಹಾರ 1950ರ ತನ್ನ ಭೂಸುಧಾರಣಾ ಕಾಯಿದೆಯಲ್ಲಿ ಇದಕ್ಕೆ ನೇರವಾಗಿ ಉತ್ತರಿಸಿತು. ಜಮೀನ್ದಾರನು ಕೊಟ್ಟಿದ್ದ ಗುತ್ತಿಗೆಯನ್ನು ಉಳಿದ ಅವಧಿಗೆ ಸರ್ಕಾರವೇ ಕೊಟ್ಟಂತೆ ಭಾವಿಸತಕ್ಕದ್ದು. ಜಮೀನ್ದಾರನೇ ನಡೆಸುತ್ತಿದ್ದ ಗಣಿಯನ್ನು ಸರ್ಕಾರ ಅವನಿಗೆ ಗುತ್ತಿಗೆ ಕೊಟ್ಟಂತೆ ಭಾವಿಸತಕ್ಕದ್ದು. ಅಂದರೆ ಧಣಿ ಬದಲಾದ, ಗುತ್ತಿಗೆದಾರ ಉಳಿದ. ಗಣಿಯ ಮೇಲೆ ಬದುಕುತ್ತಿದ್ದ ಹಳ್ಳಿಯ ಹೆಸರು ಆ ಲೆಕ್ಕದಲ್ಲಿ ಎಲ್ಲಿಯೂ ಬರಲಿಲ್ಲ.

ಹಳೆಯ ಮೈಸೂರಿನಲ್ಲಿ 1954ರ ಇನಾಂ ರದ್ದತಿ ಕಾಯಿದೆ ಬಂತು. ಇನಾಂದಾರನ ಹಕ್ಕುಗಳೆಲ್ಲವೂ, ಗೋಮಾಳ, ಕಾಡು, ಕೆರೆಗಳೊಂದಿಗೆ ಗಣಿ, ಖನಿಜ, ಕಲ್ಲುಕ್ವಾರಿಗಳೂ ಸಹ, ಸರ್ಕಾರದಲ್ಲಿ ನಿಹಿತವಾಗುತ್ತವೆಂದು ಅದು ಹೆಸರಿಸಿಯೇ ಹೇಳಿತು.

ನಿಮ್ಮ ಈ ಸೀಮೆ ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಇಲ್ಲಿಗೆ ಅನ್ವಯಿಸಿದ್ದು 1952ರ ಮುಂಬಯಿ ವೈಯಕ್ತಿಕ ಇನಾಂ ರದ್ದತಿ ಕಾಯಿದೆ. ಅದು ಮೈಸೂರಿನ ಕಾಯಿದೆಗೆ ವಿರುದ್ಧವಾದ ದಾರಿಯನ್ನು ಹಿಡಿಯಿತು. ಸನದಿನ ಮೂಲಕವಾಗಲಿ, ಕರಾರಿನ ಮೂಲಕವಾಗಲಿ ಇನಾಂದಾರನಿಗೆ ಗಣಿ ಹಾಗೂ ಖನಿಜದ ಮೇಲೆ ಅದಾಗಲೇ ಹಕ್ಕಿದ್ದರೆ, ಈ ಕಾಯಿದೆಯಿಂದ ಆ ಹಕ್ಕಿಗೆ ಬಾಧೆಯಿಲ್ಲ ಎಂದು ಅದು ರಕ್ಷಣೆ ನೀಡಿತು. ಒಂದೇ ರಾಜ್ಯವಾಗಿ 1956ರಲ್ಲಿ ನಾವು ಕೂಡಿದೆವು. ಕೂಡುವ ಮೊದಲು ಮೈಸೂರಿನ ಇನಾಂ ಗ್ರಾಮದಲ್ಲಿ ಕಲ್ಲು ಸರ್ಕಾರದ್ದಾಗಿತ್ತು. ಈ ಕಡೆಯ ಇನಾಂ ಗ್ರಾಮದಲ್ಲಿ ಸನದಿನ ಒಕ್ಕಣೆಯನ್ನು ನೋಡಬೇಕಾಗಿತ್ತು. ಎರಡೂ ಕಡೆಗಳಲ್ಲಿ ಉಳುವವನಿಗೆ ಮಾತ್ರ ಅದು ಸೇರಿರಲಿಲ್ಲ.

ಇನಾಮಲ್ಲದ ರೈತವಾರಿ ಭೂಮಿಯಲ್ಲಿ ಖನಿಜದ ಹಕ್ಕನ್ನು 1879ರ ಮುಂಬಯಿ ಭೂಕಂದಾಯ ಸಂಹಿತೆಯೇ ಸರ್ಕಾರಕ್ಕೆ ಕಾಯ್ದಿರಿಸಿತ್ತು. ಅದೇ ತತ್ತ್ವ 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 70ನೆಯ ಪ್ರಕರಣಕ್ಕೆ ಬಂತು: ಯಾವುದೇ ಮಂಜೂರಾತಿಯಲ್ಲಿ ಅಥವಾ ಬೇರೆ ಕಾಯಿದೆಯಲ್ಲಿ ಸ್ಪಷ್ಟವಾಗಿ ಬೇರೆ ರೀತಿ ಹೇಳಿದ ಹೊರತು, ಗಣಿ ಮತ್ತು ಖನಿಜದ ಹಕ್ಕು ಸಂಪೂರ್ಣವಾಗಿ ರಾಜ್ಯ ಸರ್ಕಾರದ್ದು.

ಹೀಗಾಗಿ 1974ರಲ್ಲಿ ನನ್ನ ಅಜ್ಜನಿಗೂ ನಿಮ್ಮ ತಂದೆಯವರಿಗೂ ಉತಾರದಲ್ಲಿ ಹೆಸರು ಬಂದಾಗ ಬಂದದ್ದು ಬಿತ್ತುವ, ಬೆಳೆಯುವ, ಮಕ್ಕಳಿಗೆ ಬಿಡುವ ಹಕ್ಕು. ಭೂಸುಧಾರಣಾ ಕಾಯಿದೆಯ ದೃಷ್ಟಿಯಲ್ಲಿ 'ಭೂಮಿ' ಎಂದರೆ ಕೃಷಿಭೂಮಿ. ಅದರ ಕೆಳಗಿನದು ಆ ಕಾಯಿದೆಯ ಚಿಂತೆಯಾಗಿರಲಿಲ್ಲ. ಹಿರಿಯರು ಬೆಳಗ್ಗೆ ಕೇಳಿದ ಪ್ರಶ್ನೆಗೆ ಕಾಯಿದೆಯ ಉತ್ತರ ಕಹಿಯಾಗಿದ್ದರೂ ಇದೇ.

ಇಲ್ಲೊಂದು ಎಚ್ಚರಿಕೆ ಹೇಳಬೇಕು. ಮಲಬಾರಿನ ಭೂಮಾಲೀಕರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ ತೀರ್ಪಿತ್ತಿತು. ಸಕ್ರಮ ವಿಧಾನದಿಂದ ಕಿತ್ತುಕೊಂಡ ಹೊರತು, ಕೆಳಗಿನ ಖನಿಜವು ಸಾಮಾನ್ಯವಾಗಿ ಭೂಮಿಯ ಒಡೆತನವನ್ನೇ ಹಿಂಬಾಲಿಸುತ್ತದೆ ಎಂದಿತು. ಈ ತೀರ್ಪನ್ನು ತೋರಿಸಿ, "ಇನ್ನು ಕಲ್ಲು ನಿಮ್ಮದೇ, ಸಹಿ ಹಾಕಿ" ಎಂದು ಹೇಳುವವರು ಬರಬಹುದು. ನಮ್ಮಲ್ಲಿ 70ನೆಯ ಪ್ರಕರಣ ಎದುರಿಗೆ ನಿಂತಿದೆ ಎಂಬುದನ್ನು ಮರೆಯಬೇಡಿ. ಹಳೆಯ ಇನಾಂ ಗ್ರಾಮದವರು ಮಾತ್ರ ತಮ್ಮ ಮೂಲ ಸನದನ್ನು ತೆಗೆಸಿ ಓದಿಸುವುದು ಲೇಸು.

ರಾಜಧನವೆಂದರೆ ಏನು?

ಗುತ್ತಿಗೆ ಹಳೆಯದಾದರೆ ರಾಜಧನದ ದರವೂ ಹಳೆಯದೇ ಇರಬೇಕೆ? ಇಲ್ಲ. ಕಬ್ಬಿಣ, ಮ್ಯಾಂಗನೀಸ್ ಮುಂತಾದ ಪ್ರಧಾನ ಖನಿಜಗಳಿಗೆ 1957ರ ಗಣಿ ಮತ್ತು ಖನಿಜ ಕಾಯಿದೆಯ 9ನೆಯ ಪ್ರಕರಣ ಅನ್ವಯಿಸುತ್ತದೆ. ಅದಕ್ಕೂ ಮೊದಲಿನ ಗುತ್ತಿಗೆದಾರನೂ ತನ್ನ ಕರಾರಿನಲ್ಲಿ ಏನೇ ಬರೆದಿರಲಿ, ಕಾಯಿದೆಯ ಪಟ್ಟಿಯಲ್ಲಿರುವ ದರವನ್ನೇ ಕೊಡಬೇಕು.

ಕಟ್ಟಡ ಕಲ್ಲು, ಮರಳು, ಜಲ್ಲಿ ಇವು ಉಪಖನಿಜಗಳು. ಇವುಗಳ ನಿಯಮ ಮಾಡುವ ಅಧಿಕಾರ ರಾಜ್ಯದ್ದು. ಇಲ್ಲಿ ಬಿಹಾರದ ಅನುಭವ ಪಾಠವಾಗುವಂಥದು. ಜಮೀನ್ದಾರಿ ಕಾಲದಿಂದ ಉಳಿದುಬಂದ ಕಲ್ಲುಗಣಿ ಗುತ್ತಿಗೆಗಳ ಷರತ್ತನ್ನು ಬದಲಿಸಲು ಆ ರಾಜ್ಯ 1964ರಲ್ಲಿ ತನ್ನ ಭೂಸುಧಾರಣಾ ಕಾಯಿದೆಯನ್ನೇ ತಿದ್ದಿತು. ಬೈಜನಾಥ ಕೇಡಿಯಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಊರ್ಜಿತಗೊಳಿಸಲಿಲ್ಲ. ಖನಿಜದ ಕ್ಷೇತ್ರವನ್ನು ಸಂಸತ್ತು ತನ್ನ ಕೈಗೆ ತೆಗೆದುಕೊಂಡ ಮೇಲೆ ರಾಜ್ಯವು ಭೂಸುಧಾರಣೆಯ ಬಾಗಿಲಿನಿಂದ ಅಲ್ಲಿಗೆ ಹೊಗಲಾಗದೆಂಬುದು ಅದರ ತಾತ್ಪರ್ಯ. ಸಂಸತ್ತು 1972ರಲ್ಲಿ ಮೂಲ ಕಾಯಿದೆಯನ್ನೇ ತಿದ್ದಿದ ಮೇಲೆ, ಉಪಖನಿಜದ ಗುತ್ತಿಗೆದಾರನು ಆಯಾ ಕಾಲದ ನಿಯಮದಲ್ಲಿರುವ ದರವನ್ನೇ ಕಟ್ಟಬೇಕೆಂಬುದು ಸ್ಥಿರವಾಯಿತು. ಭೂಸುಧಾರಣೆ ಬೇರೆ ಕೋಣೆ, ಗಣಿ ಕಾನೂನು ಬೇರೆ ಕೋಣೆ, ನಡುವೆ ಬಾಗಿಲಿಲ್ಲ. ರೈತ ಮೊದಲ ಕೋಣೆಯಲ್ಲಿ ಮಾಲೀಕ, ಎರಡನೆಯದರಲ್ಲಿ ಹೊರಗಿನವ.

ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2024ರ ಜುಲೈ 25ರಂದು ಎಂಟು-ಒಂದರ ಬಹುಮತದಿಂದ ಹೇಳಿತು: ರಾಜಧನ ತೆರಿಗೆಯಲ್ಲ, ಖನಿಜ ತೆಗೆಯುವ ಹಕ್ಕಿಗಾಗಿ ಗುತ್ತಿಗೆದಾರನು ಗುತ್ತಿಗೆ ಕೊಟ್ಟವನಿಗೆ ತೆರುವ ಪ್ರತಿಫಲ. ಖನಿಜವುಳ್ಳ ಭೂಮಿಯ ಮೇಲೆ ತೆರಿಗೆ ವಿಧಿಸಲು ರಾಜ್ಯಗಳಿಗೆ ಅಧಿಕಾರವಿದೆಯೆಂದೂ ಹೇಳಿತು. ರಾಜ್ಯಗಳ ಬೊಕ್ಕಸಕ್ಕೆ ಇದು ದೊಡ್ಡ ಸುದ್ದಿ. ಆದರೆ ರೈತನ ಕಡೆಯಿಂದ ನೋಡಿ: ರಾಜಧನವು ಕಲ್ಲಿನ ಬೆಲೆ, ಟನ್ನಿನ ಲೆಕ್ಕ. ಕಲ್ಲಿನ ಮೇಲಿದ್ದ ಮಣ್ಣಿಗೆ ಅದರಲ್ಲಿ ಕಾಸೂ ಇಲ್ಲ.

ಮಣ್ಣು ನನ್ನ ವಿಷಯವಾದುದರಿಂದ ಇಲ್ಲಿ ಒಂದು ಕ್ಷಣ ನಿಲ್ಲುತ್ತೇನೆ. ಬಂಡೆ ಶಿಥಿಲಗೊಂಡು ಒಂದು ಅಂಗುಲ ಮೇಲ್ಮಣ್ಣಾಗಲು ನೂರಾರು ವರ್ಷ ಬೇಕು. ಕ್ವಾರಿ ತೆರೆಯುವವರು ಮೊದಲು ಮಾಡುವ ಕೆಲಸ ಅದನ್ನು ಒಂದೇ ದಿನದಲ್ಲಿ ಕೆರೆದು ಬದಿಗೆ ತಳ್ಳುವುದು. ಮೊದಲ ಮಳೆಗೆ ಅದು ಹಳ್ಳ ಸೇರುತ್ತದೆ. ಕ್ರಷರಿನ ಧೂಳು ಎಲೆಯ ಮೇಲೆ ಕುಳಿತರೆ ಬೆಳಕು ತಡೆಯುತ್ತದೆ, ಎಲೆಯ ಉಸಿರಾಟದ ರಂಧ್ರಗಳು ಮುಚ್ಚುತ್ತವೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತದ್ದು ಅದರ ಕೆಂಪು ಬಣ್ಣಕ್ಕೆ, ಸುಕ್ಕಿಗೆ, ಕಡಿಮೆ ಖಾರಕ್ಕೆ. ಒಣಗಲು ಹರವಿದ ಆ ಕಾಯಿಯ ಸುಕ್ಕಿನಲ್ಲಿ ಕಲ್ಲಿನ ಧೂಳು ಕುಳಿತರೆ ಮಾರುಕಟ್ಟೆಯಲ್ಲಿ ಅದರ ದರವೇನಾಗುವುದೆಂದು ನಾನು ನಿಮಗೆ ಹೇಳಬೇಕಾಗಿಲ್ಲ. ಹೊಂಡದಿಂದ ನೀರು ಪಂಪು ಮಾಡಿ ಹೊರಹಾಕುವಾಗ ಪಕ್ಕದ ಬಾವಿಯ ಮಟ್ಟ ಇಳಿಯುತ್ತದೆ. ಈ ಯಾವ ನಷ್ಟವೂ ರಾಜಧನದ ಪಟ್ಟಿಯಲ್ಲಿಲ್ಲ.

ಸಂಡೂರು ಮತ್ತು ಕುಸನೂರು

ಎರಡು ಕೋಣೆಗಳ ಮಾತು ಆಡಿದೆ. ಅದನ್ನು ಕಣ್ಣಾರೆ ಕಾಣಬೇಕಾದರೆ ಸಂಡೂರಿಗೆ ಹೋಗಬೇಕು. ಕುಮಾರಸ್ವಾಮಿ ಇನಾಂ ಗ್ರಾಮಗಳ ರೈತರು 1973ರಲ್ಲಿ ಸಮಾಜವಾದಿಗಳ ಜೊತೆಗೂಡಿ ಭೂಮಿಗಾಗಿ ಸತ್ಯಾಗ್ರಹ ಹೂಡಿದರು. ಸಂಡೂರು ಪ್ರದೇಶದ ಇನಾಂ ರದ್ದತಿಗೆಂದೇ 1976ರಲ್ಲಿ ಪ್ರತ್ಯೇಕ ಕಾಯಿದೆ ಬಂತು. ಉಳುವ ನೆಲದ ಪ್ರಶ್ನೆಗೆ ಅದು ಉತ್ತರ. ಅದೇ ಗುಡ್ಡಗಳ ಅದಿರು ಮಾತ್ರ ಕೇಂದ್ರದ ಗಣಿ ಕಾಯಿದೆಯ ದಾರಿಯಲ್ಲೇ ಸಾಗಿತು. ಕಬ್ಬಿಣದ ಅದಿರು ವಿದೇಶದಲ್ಲಿ ಟನ್ನಿಗೆ ಸಾವಿರಾರು ರೂಪಾಯಿಗೆ ಮಾರಾಟವಾಗುತ್ತಿದ್ದ ಕಾಲದಲ್ಲಿ, 2009ರ ಆಗಸ್ಟ್‌ವರೆಗೆ, ಅತ್ಯುತ್ತಮ ಅದಿರಿಗೂ ರಾಜಧನ ಟನ್ನಿಗೆ 27 ರೂಪಾಯಿ. ಆ ಬಳಿಕ ಬೆಲೆಯ ಶೇಕಡಾ 10, 2014ರಲ್ಲಿ ಶೇಕಡಾ 15 ಆಯಿತು. ಅಷ್ಟರಲ್ಲಿ ಎಷ್ಟೋ ಗುಡ್ಡಗಳು ಖಾಲಿಯಾಗಿದ್ದವು.

ಆದರೆ ಅಲ್ಲಿಯೇ ಇನ್ನೊಂದು ಪಾಠವೂ ಇದೆ. ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2011ರಲ್ಲಿ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಗುತ್ತಿಗೆಯ ಗಡಿಗಳನ್ನು ಅಳೆಸಿ, ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಅತಿ ಹೆಚ್ಚು ಉಲ್ಲಂಘನೆ ಮಾಡಿದ ಸಿ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು. ಚಾಲ್ತಿಯಲ್ಲಿರುವ ಗುತ್ತಿಗೆ ಎಂದರೆ ಮುಟ್ಟಬಾರದ್ದೇನೂ ಅಲ್ಲ. ಗಡಿ ಅಳೆಸುವ ಛಲವುಳ್ಳವರು ಬೇಕು, ಅಷ್ಟೆ.

ಅಂಥವರು ನಿಮ್ಮ ನೆರೆಯಲ್ಲಿಯೇ ಇದ್ದರು. ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿಗೆ ಹಳ್ಳಿಗಳ ಸುಮಾರು 30,000 ಹೆಕ್ಟೇರು ಸಮುದಾಯ ಭೂಮಿಯನ್ನು ನೀಲಗಿರಿ ಬೆಳೆಯಲು ಗುತ್ತಿಗೆ ಕೊಡಲು ಹೊರಟಾಗ, ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಜನ ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ನೆಟ್ಟರು. 'ಕಿತ್ತಿಕೊ-ಹಚ್ಚಿಕೊ' ಎಂದು ಆ ಸತ್ಯಾಗ್ರಹಕ್ಕೆ ಹೆಸರು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಅರ್ಜಿದಾರರಾಗಿ ನಿಂತರು. ಆ ಕಂಪನಿಯನ್ನು ಮುಚ್ಚಲು 1991ರಲ್ಲಿ ಸರ್ಕಾರ ತೀರ್ಮಾನಿಸಿತು. ಅದು ಗಣಿಯ ಗುತ್ತಿಗೆಯಲ್ಲ, ನಿಜ. ಆದರೆ ಕೇಳಿದ ಪ್ರಶ್ನೆ ಇದೇ: ಈ ನೆಲ ಯಾರದು, ಗುತ್ತಿಗೆ ಕೊಟ್ಟವರು ಯಾರನ್ನು ಕೇಳಿ ಕೊಟ್ಟರು?

ಬೇಲಿ ತೆಗೆದ ಮೇಲೆ

ಭೂಸುಧಾರಣಾ ಕಾಯಿದೆ ಖನಿಜವನ್ನು ನಮಗೆ ಕೊಡದಿದ್ದರೂ ಪರೋಕ್ಷವಾಗಿ ಒಂದು ಬೇಲಿ ಹಾಕಿತ್ತು. ಕೃಷಿಕನಲ್ಲದವನು ಕೃಷಿಭೂಮಿಯನ್ನು ಕೊಳ್ಳುವಂತಿರಲಿಲ್ಲ. ಕೃಷಿಯೇತರ ಆದಾಯ ವರ್ಷಕ್ಕೆ 25 ಲಕ್ಷ ಮೀರಿದವರಿಗೂ ತಡೆಯಿತ್ತು. ಆ ಮಿತಿ ಮೊದಲು ಇನ್ನೂ ಕಡಿಮೆಯಿತ್ತು. ಇವು 79ಎ, 79ಬಿ ಪ್ರಕರಣಗಳು. ಕಲ್ಲಿನ ವ್ಯಾಪಾರಿಗೆ ರೈತನ ಒಪ್ಪಿಗೆ ಬೇಕಾಗುತ್ತಿದ್ದುದು ಬಹುಮಟ್ಟಿಗೆ ಈ ಕಾರಣದಿಂದಲೇ. ಆತ ನೆಲವನ್ನೇ ಕೊಳ್ಳಲಾರದೆ ನೆಲದವನ ಬಾಗಿಲಿಗೆ ಬರಬೇಕಾಗಿತ್ತು. ರಾಜ್ಯ ಸರ್ಕಾರ 2020ರ ತಿದ್ದುಪಡಿಯಿಂದ ಈ ಪ್ರಕರಣಗಳನ್ನು ತೆಗೆದುಹಾಕಿತು.

ಇದನ್ನು ರೈತನಿಗೆ ಒಳ್ಳೆಯ ಬೆಲೆ ಸಿಗುವ ಸ್ವಾತಂತ್ರ್ಯವೆಂದು ಸಮರ್ಥಿಸುವವರಿದ್ದಾರೆ. ಸಾಲದಲ್ಲಿ ಮುಳುಗಿದವನಿಗೆ ಮಾರುವ ಹಕ್ಕು ಬೇಡವೆ ಎಂಬ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಗುಡ್ಡದ ಬುಡದ ಕಲ್ಲುನೆಲದ ವಿಷಯದಲ್ಲಿ ಫಲವೇನಾದೀತು ನೋಡಿ. ಒಪ್ಪಿಗೆ ಕೇಳಬೇಕಾದವನು ಕ್ರಯಪತ್ರ ಮಾಡಿಸಿಕೊಂಡರೆ ತಾನೇ ಪಟ್ಟಾದಾರ. ಆಮೇಲೆ ಅವನು ತನ್ನ ಒಪ್ಪಿಗೆಯನ್ನು ತನಗೇ ಕೊಟ್ಟುಕೊಳ್ಳುತ್ತಾನೆ. ಮಾರಿದವನು ಹೊರಟುಹೋದ ಮೇಲೂ ಧೂಳು ಬೀಳುವುದು ಮಾರದೆ ಉಳಿದ ಪಕ್ಕದವನ ಹೊಲದ ಮೇಲೆ. ನಮ್ಮ ರಾಜ್ಯದಲ್ಲಿ ಸಂವಿಧಾನದ ಐದನೆಯ ಅನುಸೂಚಿಯ ಪ್ರದೇಶಗಳಿಲ್ಲ. ಆದಕಾರಣ ಆದಿವಾಸಿ ಪ್ರದೇಶಗಳ ಗ್ರಾಮಸಭೆಗಳಿಗೆ ಉಪಖನಿಜದ ವಿಷಯದಲ್ಲಿ ಇರುವ ಬಲ ನಮ್ಮ ಗ್ರಾಮಸಭೆಗಳಿಗಿಲ್ಲ.

ನಾವು ಮಾಡಬಹುದಾದದ್ದು

ಬರಿಯ ದುಃಖ ಹೇಳಿ ನಿಮ್ಮನ್ನು ಕಳುಹಿಸಲಾರೆ. ಕೈಯಲ್ಲಿರುವ ಕೆಲವು ಕೆಲಸಗಳನ್ನು ಹೇಳಿ ಮುಗಿಸುತ್ತೇನೆ.

1. ಉತಾರ, ಭೂನ್ಯಾಯಮಂಡಳಿಯ ಆದೇಶ, ಇನಾಂ ಗ್ರಾಮವಾದರೆ ಹಳೆಯ ಸನದು, ಇವುಗಳ ನಕಲನ್ನು ಪ್ರತಿಯೊಂದು ಮನೆಯವರೂ ತೆಗೆದಿಡಬೇಕು.

2. ಛಾಪಾ ಕಾಗದದ ಬಿಡಿ ಒಪ್ಪಿಗೆ ಪತ್ರಕ್ಕೆ ಸಹಿ ಬೇಡ. ಕೊಡಲೇಬೇಕೆಂದಿದ್ದರೆ ಕರಾರು ನೋಂದಣಿಯಾಗಲಿ. ಹೊಂಡದ ಆಳ, ಮೇಲ್ಮಣ್ಣನ್ನು ಎಲ್ಲಿ ಇಡುವುದು, ಕೊನೆಯಲ್ಲಿ ಮುಚ್ಚುವುದು ಯಾರು ಎಂಬುದು ಅದರಲ್ಲಿ ಬರಲಿ.

3. ಗಣಿ ಕಾಯಿದೆಯ 24ಎ ಪ್ರಕರಣದಂತೆ, ಗುತ್ತಿಗೆದಾರನ ಕೆಲಸದಿಂದ ನೆಲದ ಮೈಗೆ ಆಗುವ ನಷ್ಟಕ್ಕೆ ಭೂಮಿಯ ಅನುಭೋಗದಾರನಿಗೆ ಪರಿಹಾರದ ಹಕ್ಕಿದೆ. ಕಲ್ಲು ಸರ್ಕಾರದ್ದೆಂದು ಹೇಳಿ ಈ ಹಕ್ಕನ್ನು ಯಾರೂ ತಳ್ಳಿಹಾಕಲಾಗದು.

4. ಐದು ಹೆಕ್ಟೇರಿಗಿಂತ ಚಿಕ್ಕ ಕ್ವಾರಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರ ದೀಪಕ್ ಕುಮಾರ್ ಮೊಕದ್ದಮೆಯಲ್ಲಿ ಹೇಳಿದೆ. ನಿಮ್ಮೂರಿನ ಕ್ವಾರಿಯ ಅನುಮತಿ ಪತ್ರ, ಅದರ ಷರತ್ತುಗಳು, ಗುತ್ತಿಗೆಯ ನಕ್ಷೆ, ಇವನ್ನು ಮಾಹಿತಿ ಹಕ್ಕಿನಡಿ ಪಡೆದು ಗಡಿಯನ್ನು ಹೊಲದಲ್ಲಿ ನಿಂತು ತಾಳೆ ನೋಡಿ.

5. ಗಣಿ ಕಾಯಿದೆಯ 2015ರ ತಿದ್ದುಪಡಿಯಂತೆ ಜಿಲ್ಲಾ ಖನಿಜ ಪ್ರತಿಷ್ಠಾನಗಳು ರಚಿತವಾಗಿವೆ. ಪ್ರಧಾನ ಖನಿಜದಲ್ಲಿ 2015ರ ಜನವರಿ 12ಕ್ಕೆ ಮೊದಲಿನ ಗುತ್ತಿಗೆದಾರರು ರಾಜಧನದ ಶೇಕಡಾ 30ರಷ್ಟನ್ನು, ಆ ಬಳಿಕ ಹರಾಜಿನಲ್ಲಿ ಪಡೆದವರು ಶೇಕಡಾ 10ರಷ್ಟನ್ನು ಇದಕ್ಕೆ ಸೇರಿಸಿ ಕೊಡಬೇಕು; ಉಪಖನಿಜದ ಪಾಲನ್ನು ರಾಜ್ಯ ನಿಗದಿಪಡಿಸುತ್ತದೆ. ಈ ಹಣ ಗಣಿಯಿಂದ ಬಾಧಿತರಾದವರದು. ಅದು ಧೂಳು ಬೀಳುವ ಹಳ್ಳಿಗೆ ಬಂತೆ, ಜಿಲ್ಲಾ ಕೇಂದ್ರದ ಕಟ್ಟಡಕ್ಕೆ ಹೋಯಿತೆ ಎಂದು ಲೆಕ್ಕ ಕೇಳಿ.

6. ಗ್ರಾಮಸಭೆಯ ಠರಾವಿಗೆ ಕಾನೂನಿನ ಬಲ ಕಡಿಮೆಯಿರಬಹುದು. ಆದರೂ ಬರೆದಿಟ್ಟ ಠರಾವು ನಾಳೆ ನ್ಯಾಯಾಲಯದಲ್ಲಿ ಸಾಕ್ಷಿ.

ಇವೆಲ್ಲದರ ಆಚೆಗೆ ನಾವು ಸರ್ಕಾರದ ಮುಂದಿಡಬೇಕಾದ ಒತ್ತಾಯ ಒಂದಿದೆ. ರಾಜಧನವು ಖನಿಜದ ಪ್ರತಿಫಲವೆಂದು ನ್ಯಾಯಾಲಯವೇ ಹೇಳಿದ ಮೇಲೆ, ಮಣ್ಣಿನ ಹಾಗೂ ನೀರಿನ ಪ್ರತಿಫಲ ಬೇರೆಯಾಗಿ, ಆ ನೆಲದಲ್ಲಿ ಬದುಕುವವರಿಗೆ ನೇರವಾಗಿ ಸಲ್ಲಬೇಕು. ಗೇಣಿದಾರನನ್ನು ಒಡೆಯನನ್ನಾಗಿ ಮಾಡಿದ ರಾಜ್ಯಕ್ಕೆ ಇದು ಅಸಾಧ್ಯವಾದ ಮಾತಲ್ಲ.

ಕನಕದಾಸರು 'ರಾಮಧಾನ್ಯ ಚರಿತ್ರೆ'ಯಲ್ಲಿ ಭತ್ತದೆದುರು ರಾಗಿಯನ್ನು ನಿಲ್ಲಿಸಿ, ಬಡವರ ಧಾನ್ಯಕ್ಕೆ ತೀರ್ಪು ಕೊಡಿಸಿದರು. ಕಲ್ಲಿಗೂ ಮಣ್ಣಿಗೂ ಈಗ ಅಂಥದೇ ವ್ಯಾಜ್ಯ ನಡೆದಿದೆ. ಮಣ್ಣಿನ ಪರವಾಗಿ ಸಾಕ್ಷಿ ಹೇಳಬೇಕಾದವರು ಈ ಸಭೆಯಲ್ಲಿ ಕುಳಿತಿದ್ದೀರಿ. ನನ್ನ ಚಿಕ್ಕಪ್ಪ ತಡಮಾಡಿದರು. ನೀವು ತಡಮಾಡಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.